ಹಡಗು ಕದ್ದವರು, ಹೊಣೆ ಹೊತ್ತವರು

ಸ್ಟಾರ್ ಟ್ರೆಕ್ ನೋಡಿದವರಿಗೆ ಒಂದು ನಿಯಮ ಬಾಯಿಪಾಠ ಇರುತ್ತೆ. ಅದರ ಹೆಸರು ಪ್ರೈಮ್ ಡೈರೆಕ್ಟಿವ್. ನಮ್ಮಷ್ಟು ಮುಂದುವರಿಯದ ಗ್ರಹಕ್ಕೆ ಹೋದಾಗ ಅಲ್ಲಿಯವರ ಬದುಕಿನಲ್ಲಿ ಕೈ ಹಾಕಬಾರದು, ಅವರ ಪಾಡಿಗೆ ಅವರನ್ನು ಬಿಡಬೇಕು ಅನ್ನೋದು ಅದರ ಸಾರ. ಕೇಳೋಕೆ ಎಷ್ಟು ಸರಳ! ಆದರೆ 1966ರಲ್ಲಿ ಶುರುವಾದ ಆ ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕ್ ಈ ನಿಯಮವನ್ನು ಬಗ್ಗಿಸಿದ, ಮುರಿದ ಕಂತುಗಳನ್ನು ಎಣಿಸೋಕೆ ಕೂತರೆ ಬೆರಳು ಸಾಲಲ್ಲ. ಒಂದು ಊರು ಉಳಿಸಬೇಕು ಅಂತ ಮುರೀತಾನೆ, ಗೆಳೆಯನಿಗಾಗಿ ಮುರೀತಾನೆ, ಕೆಲವು ಸಲ ಸುಮ್ಮನೆ ತಡೆಯೋಕಾಗದೆ ಮುರೀತಾನೆ.

ವೈಜ್ಞಾನಿಕ ಕತೆ ಅಂದ್ರೆ ರಾಕೆಟ್ಟು, ಹಸಿರು ಮುಖದ ಪ್ರಾಣಿ, ಮಕ್ಕಳಾಟ ಅಂತ ನಮ್ಮ ಕಡೆ ಇನ್ನೂ ಅನ್ನೋರಿದ್ದಾರೆ. ನಾನು ಸಾಫ್ಟ್‌ವೇರ್ ಕೆಲಸದವನು, ಊರು ರಾಯಚೂರು. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಹಿಡಿದ ಈ ಹುಚ್ಚು ಇನ್ನೂ ಬಿಟ್ಟಿಲ್ಲ. ಇಷ್ಟು ವರ್ಷ ನೋಡಿ ನೋಡಿ ನನಗೆ ಆಸಕ್ತಿ ಹುಟ್ಟಿದ್ದು ರಾಕೆಟ್ಟಿನ ಮೇಲಲ್ಲ. ನಿಯಮ ಮುರಿದ ನಾಯಕ ಆಮೇಲೆ ಏನು ಮಾಡ್ತಾನೆ ಅನ್ನೋದರ ಮೇಲೆ. ಮುರಿಯೋದು ಎಲ್ಲ ಕತೆಯಲ್ಲೂ ಇದೆ, ಅದಿಲ್ಲದಿದ್ದರೆ ಸಿನಿಮಾನೇ ಆಗಲ್ಲ. ಮುರಿದ ಮೇಲೆ ಯಾರ ಮುಂದೆ ಹೋಗಿ ನಿಲ್ತಾನೆ, ಯಾವಾಗ ನಿಲ್ತಾನೆ, ಬರೆದಿಟ್ಟ ದಾಖಲೆಯನ್ನು ಏನು ಮಾಡ್ತಾನೆ? ಇಲ್ಲೇ ಕತೆಗಾರರು ಒಬ್ಬರಿಂದ ಒಬ್ಬರು ಬೇರೆಯಾಗೋದು.

ಕರ್ಕ್‌ನಿಂದಲೇ ಶುರು ಮಾಡೋಣ. 1984ರಲ್ಲಿ ಬಂದ ಮೂರನೇ ಸಿನಿಮಾದಲ್ಲಿ ಅವನು ಅಡ್ಮಿರಲ್, ಅಂದರೆ ದೊಡ್ಡ ಸಾಹೇಬ. ಗೆಳೆಯ ಸ್ಪಾಕ್‌ನ ಜೀವ ಮರಳಿ ಬರಬಹುದು ಅಂತ ಗೊತ್ತಾಗುತ್ತೆ, ಅದಕ್ಕೆ ಹೋಗಬೇಕಾದ ಗ್ರಹಕ್ಕೆ ಮಾತ್ರ ಪ್ರವೇಶ ನಿಷೇಧ. ಮೇಲಧಿಕಾರಿ ಸಾಧ್ಯವೇ ಇಲ್ಲ ಅಂತಾನೆ. ಕರ್ಕ್ ತನ್ನ ಹಳೇ ಹಡಗು ಎಂಟರ್‌ಪ್ರೈಸನ್ನೇ ಕದ್ದುಕೊಂಡು ಹೋಗ್ತಾನೆ! ಜೊತೆಗಾರ ಸ್ಕಾಟಿ, ಬೆನ್ನಟ್ಟಿ ಬರಬೇಕಿದ್ದ ಹೊಸ ಹಡಗಿನ ಭಾಗಗಳನ್ನು ಮೊದಲೇ ಕಿತ್ತಿಟ್ಟಿರ್ತಾನೆ. ಸ್ಪಾಕ್ ಸಿಗ್ತಾನೆ. ಆದರೆ ಕರ್ಕ್‌ನ ಮಗ ಶತ್ರುಗಳ ಕೈಯಲ್ಲಿ ಸಾಯ್ತಾನೆ, ಎಂಟರ್‌ಪ್ರೈಸನ್ನು ಅವನೇ ಸ್ಫೋಟಿಸಬೇಕಾಗುತ್ತೆ.

1986ರ ನಾಲ್ಕನೇ ಸಿನಿಮಾ ಶುರುವಾದಾಗ ಇವರೆಲ್ಲ ಸ್ಪಾಕ್‌ನ ಗ್ರಹದಲ್ಲಿ ತಲೆಮರೆಸಿಕೊಂಡು ಮೂರನೇ ತಿಂಗಳು. ಅಲ್ಲೇ ಇದ್ದುಬಿಟ್ಟಿದ್ದರೆ ಕೇಳೋರಿರಲಿಲ್ಲ. ಆದರೆ ಕರ್ಕ್ ಎಲ್ಲರ ಒಪ್ಪಿಗೆ ಕೇಳ್ತಾನೆ, ಎಲ್ಲರೂ ಭೂಮಿಗೆ ವಾಪಸ್ ಹೋಗಿ ವಿಚಾರಣೆ ಎದುರಿಸೋಣ ಅಂತಾರೆ. ನನಗೆ ಇಡೀ ಸಿನಿಮಾದಲ್ಲಿ ಮುಖ್ಯ ಅನ್ನಿಸೋದು ಒಂದೆರಡು ನಿಮಿಷದ ಈ ದೃಶ್ಯ. ಇನ್ನೂ ಯಾವ ಸಾಹಸವೂ ನಡೆದಿಲ್ಲ, ಭೂಮಿಗೆ ಆಪತ್ತು ಬಂದಿರೋದೂ ಇವರಿಗೆ ಗೊತ್ತಿಲ್ಲ, ಕ್ಷಮೆ ಸಿಗುತ್ತೆ ಅನ್ನೋ ಆಸೆಯೂ ಇಲ್ಲ. ಆಮೇಲೆ ದಾರಿಯಲ್ಲಿ ಆಪತ್ತಿನ ಸುದ್ದಿ ತಿಳಿದು, ಕಾಲದಲ್ಲಿ ಹಿಂದಕ್ಕೆ ಹೋಗಿ ಎರಡು ತಿಮಿಂಗಿಲ ತಂದು ಭೂಮಿ ಉಳಿಸ್ತಾರೆ. ಅದೊಂದು ದೊಡ್ಡ ತಮಾಷೆ, ನೋಡಿಯೇ ಸವಿಯಬೇಕು.

ಕೊನೆಗೆ ವಿಚಾರಣೆ. ಸಂಚು, ಹಲ್ಲೆ, ಕಳವು, ಹಡಗಿನ ನಾಶ, ಮೇಲಧಿಕಾರಿಯ ಆಜ್ಞೆ ಮೀರಿದ್ದು, ಹೀಗೆ ಆರೋಪಗಳ ಪಟ್ಟಿ ಓದ್ತಾರೆ. ಸ್ಪಾಕ್‌ನ ಮೇಲೆ ಯಾವ ಆರೋಪವೂ ಇಲ್ಲ, ಅವನು ಸಭಿಕರ ಸಾಲಲ್ಲಿ ಕೂರಬಹುದಿತ್ತು. ಎದ್ದು ಬಂದು ಗೆಳೆಯರ ಪಕ್ಕ ನಿಲ್ತಾನೆ. ಕರ್ಕ್ ತಪ್ಪೊಪ್ಪಿಕೊಳ್ತಾನೆ. ಭೂಮಿ ಉಳಿಸಿದ್ದಕ್ಕೆ ಒಂದು ಬಿಟ್ಟು ಉಳಿದೆಲ್ಲ ಆರೋಪ ವಜಾ. ಆಜ್ಞೆ ಮೀರಿದ್ದಕ್ಕೆ ಮಾತ್ರ ಕರ್ಕ್‌ಗೆ ಹಿಂಬಡ್ತಿ: ಅಡ್ಮಿರಲ್ ಪದವಿ ಹೋಗಿ ಮತ್ತೆ ಕ್ಯಾಪ್ಟನ್. ಕ್ಯಾಪ್ಟನ್ ಅಂದಮೇಲೆ ಹಡಗು ಬೇಕಲ್ಲ, ಹೊಸ ಎಂಟರ್‌ಪ್ರೈಸ್ ಕೊಡ್ತಾರೆ.

ಈ ಕತೆಯನ್ನ ಒಮ್ಮೆ ಮಾನ್ವಿಯಲ್ಲಿರೋ ನಮ್ಮ ಕಾಕಾಗೆ ಹೇಳಿದ್ದೆ. ಅವರು ಕಾಲುವೆ ಕೊನೆಭಾಗದ ರೈತರು, ಸಿನಿಮಾ ನೋಡೋದು ಕಮ್ಮಿ, ಕೇಳೋದು ಜಾಸ್ತಿ. ಕೊನೇತನಕ ಸುಮ್ಮನೆ ಕೇಳಿ ಒಂದೇ ಮಾತು ಅಂದರು:

"ಅಲ್ಲೋ ತಮ್ಮಾ, ಆಂವಗ ಕುರ್ಚಿ ಮ್ಯಾಲೆ ಕುಂದ್ರೂದು ಬ್ಯಾಡಾಗಿತ್ತು, ಹಡಗ ಬೇಕಾಗಿತ್ತು. ಹಡಗ ಕೊಟ್ರು. ಇದು ಶಿಕ್ಷಾ ಆತೋ, ಬಕ್ಷೀಸ್ ಆತೋ?"

ಕಾಕಾ ಹೇಳಿದ್ದು ಖರೇನೇ. ಕತೆಗಾರ ಇಲ್ಲಿ ಸ್ವಲ್ಪ ಮೋಸ ಮಾಡಿದ್ದಾನೆ, ಸಕ್ಕರೆ ಸವರಿದ ಶಿಕ್ಷೆ ಕೊಟ್ಟಿದ್ದಾನೆ. ಮಗ ಸತ್ತ ಲೆಕ್ಕ ಹಿಡಿದರೆ ಕರ್ಕ್ ಮೊದಲೇ ಸಾಕಷ್ಟು ತೆತ್ತಿದ್ದ ಅಂತ ನಾನು ವಾದ ಮಾಡಿದೆ. ಕಾಕಾ ಒಪ್ಪಲಿಲ್ಲ. ಮಗನ ಸಾವು ದೈವದ್ದು, ಕೋರ್ಟಿನದು ಕೋರ್ಟಿನದೇ ಅಂದರು.

ಸಕ್ಕರೆ ಸವರಿದ ಶಿಕ್ಷೆ ನಮಗೂ ಹೊಸದಲ್ಲ. ರಾಮಕೃಷ್ಣ ಹೆಗಡೆಯವರ ಕಾಲ ನೆನಪಿರೋ ಹಿರಿಯ ಓದುಗರಿಗೆ ಇದು ಗೊತ್ತು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿದಾಗ ಅವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ವಾಪಸ್ ಪಡೆದರು. ಕರ್ಕ್‌ನ ಸಿನಿಮಾ ಬಂದಿದ್ದೂ ಅದೇ ವರ್ಷ, ಏನೋ ಕಾಕತಾಳೀಯ! ಆದರೆ 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪ ಬಂದಾಗ ನೈತಿಕ ಹೊಣೆ ಅಂತ ರಾಜೀನಾಮೆ ಕೊಟ್ಟರಲ್ಲ, ಅದು ಹಾಗಲ್ಲ. ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು, ಹೆಗಡೆಯವರು ಆ ಕುರ್ಚಿಗೆ ಮತ್ತೆ ಬರಲೇ ಇಲ್ಲ. ಹೆಗಡೆಯವರ ರಾಜಕಾರಣದ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ, ಆ ಚರ್ಚೆ ಇಲ್ಲಿ ಬೇಡ. ಒಬ್ಬನೇ ಮನುಷ್ಯನ ಎರಡು ರಾಜೀನಾಮೆಗಳಲ್ಲಿ ಯಾವುದು ನಮ್ಮ ಮನಸ್ಸಿನಲ್ಲಿ ಉಳಿಯುತ್ತೆ ಅಂತ ನೋಡಿದರೆ ಸಾಕು.

ಹೊಣೆ ಅಂದಕೂಡಲೇ ಎಲ್ಲರೂ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು ಹೇಳ್ತಾರೆ. 1956ರಲ್ಲಿ ನಮ್ಮ ಪಕ್ಕದ ಮೆಹಬೂಬನಗರದ ಹತ್ತಿರ ಸೇತುವೆ ಕುಸಿದು ರೈಲು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆಗ ರಾಯಚೂರೂ ಮೆಹಬೂಬನಗರವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ರೈಲ್ವೆ ಮಂತ್ರಿಯಾಗಿದ್ದ ಶಾಸ್ತ್ರಿಯವರು ರಾಜೀನಾಮೆ ಕೊಡಲು ಹೋದರು, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಮತ್ತೊಂದು ದುರಂತವಾದಾಗ ರಾಜೀನಾಮೆ ಅಂಗೀಕಾರವಾಯಿತು. ಇದು ದೊಡ್ಡ ನಡತೆ, ಸಂಶಯವೇ ಇಲ್ಲ. ಆದರೆ ಶಾಸ್ತ್ರಿಯವರು ನಿಯಮ ಮುರಿದವರಲ್ಲ. ಬೇರೆಯವರ ಕೈಯಲ್ಲಿ ಆದದ್ದಕ್ಕೆ ತಲೆ ಕೊಟ್ಟರು. ನಾನು ಹೇಳೋಕೆ ಹೊರಟಿರೋದು ಗೊತ್ತಿದ್ದೂ ನಿಯಮ ದಾಟಿದವರ ವಿಷಯ, ಅದು ಇನ್ನೂ ತೊಡಕಿನದು.

ಆ ತೊಡಕನ್ನು ಚೆನ್ನಾಗಿ ಹಿಡಿದ ಸಿನಿಮಾ 2015ರ 'ದಿ ಮಾರ್ಷಿಯನ್'. ಮಂಗಳ ಗ್ರಹದಲ್ಲಿ ಒಬ್ಬ ಗಗನಯಾತ್ರಿ ಉಳಿದುಬಿಟ್ಟಿದ್ದಾನೆ. ಉಳಿದ ಐದು ಜನ ಮನೆಗೆ ವಾಪಸ್ ಬರ್ತಿದ್ದಾರೆ. ಅವರನ್ನು ತಿರುಗಿಸಿ ಕಳಿಸಿದರೆ ಅವನನ್ನು ಉಳಿಸಬಹುದು, ಆದರೆ ಆರು ಜೀವವೂ ಹೋಗಬಹುದು. ನಾಸಾ ಮುಖ್ಯಸ್ಥ ಬೇಡ ಅಂತಾನೆ. ಅವನ ಕೈಕೆಳಗಿನ ಮಿಚ್ ಹೆಂಡರ್ಸನ್ ಅನ್ನೋ ಅಧಿಕಾರಿ ಆ ಲೆಕ್ಕಾಚಾರವನ್ನು ಗುಟ್ಟಾಗಿ ಹಡಗಿಗೆ ಕಳಿಸಿಬಿಡ್ತಾನೆ. ಹಡಗಿನಲ್ಲಿ ಕಮಾಂಡರ್ ಲೂಯಿಸ್ ಏನು ಮಾಡ್ತಾಳೆ ನೋಡಿ. ಆಜ್ಞೆ ಕೊಡಲ್ಲ. ಎಲ್ಲರನ್ನೂ ಕೂರಿಸಿ ಇದು ದಂಗೆ ಅನ್ನಿಸಿಕೊಳ್ಳುತ್ತೆ, ಒಬ್ಬರು ಬೇಡ ಅಂದರೂ ಹೋಗಲ್ಲ ಅಂತ ಬಿಡಿಸಿ ಹೇಳ್ತಾಳೆ. ಇತ್ತ ಭೂಮಿಯಲ್ಲಿ ಮುಖ್ಯಸ್ಥ ಹೆಂಡರ್ಸನ್‌ಗೆ ಎಲ್ಲ ಮುಗಿದ ಮೇಲೆ ನಿನ್ನ ರಾಜೀನಾಮೆ ಬೇಕು ಅಂತಾನೆ. ಹೆಂಡರ್ಸನ್ ಜಗಳ ಆಡಲ್ಲ, ಸರಿ ಅಂತಾನೆ. ಯಾನ ಗೆಲ್ಲುತ್ತೋ ಸೋಲುತ್ತೋ ಆಗ ಯಾರಿಗೂ ಗೊತ್ತಿಲ್ಲ. ಫಲಿತಾಂಶ ಬರೋ ಮುಂಚೆಯೇ ಅವನ ಬೆಲೆ ನಿಗದಿಯಾಗಿದೆ. ಗೆದ್ದರೂ ಕೆಲಸ ಹೋಗುತ್ತೆ. ಕಾಕಾ ಕೇಳಿದ್ದರೆ ಈ ಶಿಕ್ಷೆಯನ್ನು ಒಪ್ಪುತ್ತಿದ್ದರೇನೋ.

ಇದರ ಉಲ್ಟಾ 2014ರ 'ಇಂಟರ್‌ಸ್ಟೆಲ್ಲರ್'ನ ಪ್ರೊಫೆಸರ್ ಬ್ರಾಂಡ್. ಇಡೀ ಲೋಕಕ್ಕೆ ವರ್ಷಾನುಗಟ್ಟಲೆ ಸುಳ್ಳು ಹೇಳಿ, ಸಾಯೋ ಹಾಸಿಗೆಯಲ್ಲಿ ನಿಜ ಒಪ್ಪಿಕೊಳ್ತಾನೆ. ಕಣ್ಣೀರು ಬರೋ ದೃಶ್ಯ ಅದು, ಆದರೆ ನನಗೆ ಸಿಟ್ಟು ಬಂತು. ಯಾರೂ ಏನೂ ಮಾಡೋಕಾಗದ ಹೊತ್ತಿನಲ್ಲಿ ಒಪ್ಪಿಕೊಂಡು ಏನು ಬಂತು?

ಕಲ್ಪನೆ ಸಾಕು, ನಿಜವಾಗಿ ಹೀಗೆ ನಡೆದಿದ್ದು ಇದೆಯಾ ಅಂದರೆ, ಇದೆ. ಅದೂ ರಾಕೆಟ್ಟಿನ ಕತೆಯೇ, ಅದರ ದೊಡ್ಡ ಪಾತ್ರಧಾರಿ ನಮ್ಮ ಬೆಂಗಳೂರಿನಲ್ಲಿದ್ದವರು. ಸತೀಶ್ ಧವನ್ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಬೆಂಗಳೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ, ನಿರ್ದೇಶಕರಾಗಿದ್ದರು. 1972ರಲ್ಲಿ ಇಸ್ರೋ ಅಧ್ಯಕ್ಷರಾದರು, ಟಾಟಾ ಇನ್‌ಸ್ಟಿಟ್ಯೂಟ್ ಬಿಡೋದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಅನ್ನೋ ಷರತ್ತಿನ ಮೇಲೆ.

1979ರ ಆಗಸ್ಟ್ 10. ಶ್ರೀಹರಿಕೋಟಾದಲ್ಲಿ ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಹಾರಾಟ. 23 ಮೀಟರ್ ಎತ್ತರ, 17 ಟನ್ ತೂಕ, ಅದರ ಹಿಂದೆ ಸಾವಿರಾರು ಜನರ ವರ್ಷಗಳ ದುಡಿಮೆ. ಯೋಜನೆಯ ಮುಖ್ಯಸ್ಥರು ಎ.ಪಿ.ಜೆ. ಅಬ್ದುಲ್ ಕಲಾಂ. ಎಣಿಕೆಯ ಕೊನೆಯ ಹಂತದಲ್ಲಿ ಕಂಪ್ಯೂಟರ್ ಉಡಾವಣೆಯನ್ನು ತಡೆಹಿಡಿಯಿತು. ನಿಯಂತ್ರಣ ವ್ಯವಸ್ಥೆಯಲ್ಲಿ ಏನೋ ಸರಿಯಿಲ್ಲ ಅಂತ ಅದರ ಲೆಕ್ಕ. ಕಲಾಂ ಪಕ್ಕದಲ್ಲಿದ್ದ ತಜ್ಞರು ಸೋರಿಕೆ ಇದ್ದರೂ ಇಂಧನ ಸಾಕಷ್ಟಿದೆ, ಮುಂದುವರಿಯಬಹುದು ಅಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ರಾಕೆಟ್ ಹಾರಿಸಿದರು. ಮೊದಲ ಹಂತ ಸುಸೂತ್ರ. ಎರಡನೇ ಹಂತದಲ್ಲಿ ಹತೋಟಿ ತಪ್ಪಿತು, ಸುಮಾರು ಐದು ನಿಮಿಷದಲ್ಲಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಎರಡನೇ ಹಂತದ ನಿಯಂತ್ರಣಕ್ಕೆ ಬೇಕಾದ ಆಮ್ಲ ಸೋರಿಹೋಗಿತ್ತು ಅಂತ ಆಮೇಲೆ ತಿಳಿಯಿತು.

ನನ್ನ ಕಸುಬಿನವರು ಈ ಕತೆ ಕೇಳಿದಾಗ ಮೊದಲು ಗಮನಿಸೋದು ಬೇರೆಯೇ: ಕಂಪ್ಯೂಟರ್ ಹೇಳಿದ್ದು ಸರಿಯಿತ್ತು! ಕೋಟಿಗಟ್ಟಲೆ ಹಣ ಸಮುದ್ರಪಾಲು ಅಂತ ಪತ್ರಿಕೆಗಳು ಕಾಯ್ತಾ ಕೂತಿದ್ದವು. ಪತ್ರಿಕಾಗೋಷ್ಠಿಗೆ ಹೋದವರು ಧವನ್. ಕಲಾಂರನ್ನು ಜೊತೆಗೆ ಕರೆದುಕೊಂಡು ಹೋದರು, ಉತ್ತರ ಕೊಡೋ ಪಾಳಿ ಮಾತ್ರ ಅವರಿಗೆ ಬಿಡಲಿಲ್ಲ. ಸೋತಿದ್ದೇವೆ, ನನ್ನ ತಂಡದ ಮೇಲೆ ನನಗೆ ನಂಬಿಕೆ ಇದೆ, ಮುಂದಿನ ವರ್ಷ ಗೆಲ್ತೇವೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಯಾರು ಕಂಪ್ಯೂಟರನ್ನು ಬದಿಗಿಟ್ಟರು, ಯಾರು ಸಲಹೆ ಕೊಟ್ಟರು ಅಂತ ಹೆಸರು ಹೇಳಲಿಲ್ಲ. 1980ರ ಜುಲೈ 18ರಂದು ಅದೇ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆವತ್ತು ಪತ್ರಿಕೆಯವರ ಮುಂದೆ ನೀವೇ ಹೋಗಿ ಅಂತ ಕಲಾಂರನ್ನು ಕಳಿಸಿದರು.

ಈ ಘಟನೆಯನ್ನು ಕಲಾಂ ರಾಷ್ಟ್ರಪತಿಯಾದ ಮೇಲೂ ಊರೂರಲ್ಲಿ ಮಕ್ಕಳಿಗೆ ಹೇಳ್ತಿದ್ದರು, ನೀವೂ ಕೇಳಿರ್ತೀರಿ. ಅದರ ಇನ್ನೊಂದು ತುಣುಕು ಅಷ್ಟು ಪ್ರಚಾರ ಪಡೆದಿಲ್ಲ. ಸೋಲಿನ ನಂತರ ನಡೆದ ಒಳಗಿನ ಪರಿಶೀಲನಾ ಸಭೆಯಲ್ಲಿ ಕಲಾಂ ತಾವೇ ಎದ್ದು ನಿಂತು, ಉಡಾವಣೆ ತಡೆಯಬೇಕಿತ್ತು, ಹೊಣೆ ನನ್ನದು ಅಂತ ಹೇಳಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಧವನ್ ಹೊರಗೆ ಹೊಣೆ ಹೊತ್ತರು, ಕಲಾಂ ಒಳಗೆ ಹೊತ್ತರು. ಒಳಗಿನ ಸಭೆ ಇಲ್ಲದೆ ಹೊರಗಿನ ಮಾತು ಮಾತ್ರ ಇದ್ದಿದ್ದರೆ ಅದು ಮುಚ್ಚಿಹಾಕೋದು ಅನ್ನಿಸಿಕೊಳ್ತಿತ್ತು. ಸೋರಿಕೆ ಎಲ್ಲಿ, ಯಾಕೆ ಅಂತ ಕೆದಕಿದ್ದರಿಂದಲೇ ಮುಂದಿನ ವರ್ಷದ ರಾಕೆಟ್ ಮೇಲೆ ಹೋಗಿದ್ದು.

ಹೊರಗೂ ಇಲ್ಲ, ಒಳಗೂ ಇಲ್ಲ ಅಂದರೆ ಹೇಗಿರುತ್ತೆ? ಅದಕ್ಕೂ ಸ್ಟಾರ್ ಟ್ರೆಕ್‌ನಲ್ಲೇ ಒಂದು ಕತೆ ಇದೆ. 'ಡೀಪ್ ಸ್ಪೇಸ್ ನೈನ್' ಸರಣಿಯ 1998ರ ಒಂದು ಕಂತು, 'ಇನ್ ದ ಪೇಲ್ ಮೂನ್‌ಲೈಟ್'. ಯುದ್ಧ ಸೋಲೋ ಹಂತದಲ್ಲಿದೆ. ಕ್ಯಾಪ್ಟನ್ ಸಿಸ್ಕೊ, ತಟಸ್ಥವಾಗಿರೋ ಇನ್ನೊಂದು ದೊಡ್ಡ ಸಾಮ್ರಾಜ್ಯವನ್ನು ತಮ್ಮ ಕಡೆ ಎಳೆಯೋಕೆ ಸುಳ್ಳು ಸಾಕ್ಷ್ಯ ತಯಾರು ಮಾಡಿಸ್ತಾನೆ. ಅದಕ್ಕೆ ಲಂಚ ಕೊಡ್ತಾನೆ, ಅಪರಾಧಿಯೊಬ್ಬನನ್ನು ಜೈಲಿನಿಂದ ಬಿಡಿಸ್ತಾನೆ. ಕೊನೆಗೆ ಅವನ ಜೊತೆಗಾರ ಗಾರಕ್ ಎದುರಿನ ದೇಶದ ಸೆನೆಟರ್‌ನನ್ನೇ ಕೊಲ್ಲಿಸ್ತಾನೆ. ಉಪಾಯ ಫಲಿಸುತ್ತೆ, ಆ ಸಾಮ್ರಾಜ್ಯ ಯುದ್ಧಕ್ಕೆ ಇಳಿಯುತ್ತೆ. ಇಡೀ ಕಂತು ಸಿಸ್ಕೊ ತನ್ನ ಖಾಸಗಿ ದಿನಚರಿಯನ್ನು ಕಂಪ್ಯೂಟರಿಗೆ ಹೇಳಿಕೊಳ್ಳೋ ರೂಪದಲ್ಲಿದೆ. ಒಂದೊಂದೇ ಪಾಪ ಬಾಯಿಬಿಟ್ಟು ಹೇಳ್ತಾನೆ, ಇದನ್ನು ಹೊತ್ತುಕೊಂಡು ಬದುಕಬಲ್ಲೆ ಅಂತ ತನಗೆ ತಾನೇ ಸಮಾಧಾನ ಮಾಡಿಕೊಳ್ತಾನೆ. ಕೊನೆಗೆ ಆ ಇಡೀ ದಿನಚರಿಯನ್ನು ಅಳಿಸಿಹಾಕು ಅಂತ ಕಂಪ್ಯೂಟರಿಗೆ ಹೇಳ್ತಾನೆ.

ಅಲ್ಲಿಗೆ ಮುಗೀತು. ವಿಚಾರಣೆ ಇಲ್ಲ, ಹಿಂಬಡ್ತಿ ಇಲ್ಲ. ನೋಡಿದವರಿಗೆ ರಾತ್ರಿ ನಿದ್ದೆ ಬರಲ್ಲ. ಅವನು ಮಾಡಿದ್ದು ತಪ್ಪು ಅಂತ ಬಾಯಿ ಹೇಳಿದರೂ, ನಾನು ಅಲ್ಲಿದ್ದಿದ್ದರೆ ಏನು ಮಾಡ್ತಿದ್ದೆ ಅಂತ ತಲೆ ಕೇಳ್ತಾನೇ ಇರುತ್ತೆ. ಸರಣಿಯ ಅಭಿಮಾನಿಗಳು ಇವತ್ತಿಗೂ ಇದರ ಮೇಲೆ ಕಿತ್ತಾಡ್ತಾರೆ. ನನ್ನ ತೀರ್ಮಾನ ಹೇಳಲೇಬೇಕು ಅಂದರೆ, ಸುಳ್ಳು ಸಾಕ್ಷ್ಯಕ್ಕಿಂತ ಆ ಕೊನೇ ಅಳಿಸುವಿಕೆ ನನಗೆ ದೊಡ್ಡದು. ನಮ್ಮ ಕೆಲಸದಲ್ಲಿ ಸರ್ವರ್‌ನ ಲಾಗ್ ಅಳಿಸೋದಕ್ಕಿಂತ ದೊಡ್ಡ ಅಪರಾಧ ಇಲ್ಲ. ಎಷ್ಟೇ ದೊಡ್ಡ ಎಡವಟ್ಟಾದರೂ ಲಾಗ್ ಇದ್ದರೆ ಮುಂದಿನವನು ಓದಿ ತಿಳ್ಕೊಳ್ತಾನೆ.

ನಮ್ಮ ಆಫೀಸಿನಲ್ಲಿ, ಕಂಪನಿ ಹೆಸರು ಬೇಡ, ಒಬ್ಬರು ಲೀಡ್ ಇದ್ದರು. ವರ್ಷದ ಕೊನೆಗೆ ಸಾಫ್ಟ್‌ವೇರ್ ಬದಲಾವಣೆಗೆ ಪೂರ್ತಿ ನಿಷೇಧ ಇರೋ ದಿನಗಳಲ್ಲಿ ಒಂದು ರಾತ್ರಿ ಗ್ರಾಹಕರ ಪೇಮೆಂಟ್ ನಿಂತುಹೋಯಿತು. ಅನುಮತಿ ಕೊಡಬೇಕಾದ ದೊಡ್ಡವರು ಫೋನಿಗೆ ಸಿಗಲಿಲ್ಲ. ಮೇಡಂ ಮೊದಲು ಒಂದು ಮೇಲ್ ಬರೆದರು: ನಿಯಮ ಗೊತ್ತಿದ್ದೇ ಮಾಡಿಸ್ತಿದ್ದೇನೆ, ಮಾಡೋ ಹುಡುಗನಿಗೆ ಹೇಳಿದವಳು ನಾನು ಅಂತ. ಆಮೇಲೆ ಕೆಲಸ ಮಾಡಿಸಿದರು. ಪೇಮೆಂಟ್ ಸರಿಯಾಯ್ತು. ಆದರೂ ಸೋಮವಾರ ನಿಯಮದವರು ಬಂದು ಅವರ ಹೆಸರಲ್ಲಿ ಉಲ್ಲಂಘನೆ ಬರೆದುಕೊಂಡರು. ಬರ್ಕೊಳ್ಳಿ ಅಂದರು ಮೇಡಂ, ಅಷ್ಟೇ. ಆ ವರ್ಷದ ರೇಟಿಂಗ್‌ನಲ್ಲಿ ಅದು ಲೆಕ್ಕಕ್ಕೂ ಬಂತು.

ಅದೇ ಹೇಳಿದವರ ಹೆಸರೇ ಕಾಣದಿದ್ದರೆ ಮಾಡಿದವರ ಗತಿ ಏನು? ಇದಕ್ಕೆ 1984ರ '2010' ಸಿನಿಮಾ ನೋಡಬೇಕು. ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿಯಿಂದ ಬಂದದ್ದು. '2001'ರಲ್ಲಿ ಗಗನಯಾತ್ರಿಗಳನ್ನು ಕೊಂದ ಹ್ಯಾಲ್ ಅನ್ನೋ ಕಂಪ್ಯೂಟರ್ ಯಾಕೆ ಹಾಗೆ ಮಾಡಿತು ಅನ್ನೋದಕ್ಕೆ ಇದರಲ್ಲಿ ಉತ್ತರ ಸಿಗುತ್ತೆ. ಹ್ಯಾಲ್‌ನ ಹುಟ್ಟುಗುಣ ಇದ್ದದ್ದನ್ನು ಇದ್ದಹಾಗೆ ಹೇಳೋದು. ಮೇಲಿನವರು ಮಾತ್ರ ಯಾನದ ನಿಜವಾದ ಉದ್ದೇಶವನ್ನು ಹಡಗಿನವರಿಂದ ಮುಚ್ಚಿಡು ಅಂತ ಆಜ್ಞೆ ಕೊಟ್ಟಿದ್ದರು. ಎರಡರ ನಡುವೆ ಸಿಕ್ಕಿ ಅದರ ಬುದ್ಧಿ ಕೆಟ್ಟಿತು. ಆಜ್ಞೆ ಹೋದದ್ದು ಫ್ಲಾಯ್ಡ್ ಅನ್ನೋ ಅಧಿಕಾರಿಯ ಹೆಸರಲ್ಲಿ. ಫ್ಲಾಯ್ಡ್ ನನಗೆ ಗೊತ್ತೇ ಇಲ್ಲ ಅಂತಾನೆ, ಅದೂ ನಿಜವೇ! ಆ ಕಂಪ್ಯೂಟರನ್ನು ರೂಪಿಸಿದ ಡಾಕ್ಟರ್ ಚಂದ್ರ ಕೊನೆಯಲ್ಲಿ ಹ್ಯಾಲ್‌ಗೆ ಈ ಸಲ ನೀನು ಉಳಿಯಲಿಕ್ಕಿಲ್ಲ ಅಂತ ನಿಜ ಹೇಳ್ತಾನೆ. ಹ್ಯಾಲ್ ಸಿಟ್ಟಾಗಲ್ಲ, ನಿಜ ಹೇಳಿದ್ದಕ್ಕೆ ಧನ್ಯವಾದ ಹೇಳಿ ತನ್ನ ಕೆಲಸ ಮಾಡುತ್ತೆ. ಕಾದಂಬರಿಯಲ್ಲಿ ಈ ಚಂದ್ರ ಭಾರತೀಯ, ಸಿನಿಮಾದವರು ಬದಲಾಯಿಸಿಬಿಟ್ಟರು. ಅದೊಂದು ಬೇಸರ.

ಹ್ಯಾಲ್‌ನ ಕತೆ ಕೇಳಿದಾಗ ನಮ್ಮ ಕಾಕಾ ಕಂಪ್ಯೂಟರ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಇದು ನಮ್ಮ ಕಾಲಿವಿ ಕತಿನೇ ಆತಲ್ಲೋ" ಅಂದರು.

ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಕೊಪ್ಪಳ, ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿಗೆ ಬರೋ ಹೊತ್ತಿಗೆ ಎಷ್ಟೋ ವರ್ಷ ನೀರಿನ ಬದಲು ಸುದ್ದಿ ಮಾತ್ರ ಬರುತ್ತೆ. ದೇವದುರ್ಗದ ನಮ್ಮ ಸೋದರತ್ತೆಯ ಊರಿಗೆ ನೀರು ಬರೋದು ನಾರಾಯಣಪುರ ಬಲದಂಡೆಯಿಂದ, ಕೊನೆಯಲ್ಲಿರೋರ ಪಾಡು ಅಲ್ಲೂ ಇದೇ. ಸರದಿ ಪ್ರಕಾರ ನೀರು ಬಿಡಬೇಕು, ನಡುವೆ ಯಾರೂ ಪಂಪ್‌ಸೆಟ್ ಹಾಕಿ ಎತ್ತಬಾರದು ಅಂತ ನಿಯಮ ಇದೆ.

"ಎತ್ತಿದಾಂವನ್ನ ಕೇಳಿದ್ರ ಮೋಟ್ರು ನಂದಲ್ಲ ಅಂತಾನ. ಗೇಟ್ ತೆರೆದಾಂವನ್ನ ಕೇಳಿದ್ರ ಸಾಹೇಬ್ರು ಹೇಳ್ಯಾರ ಅಂತಾನ. ಸಾಹೇಬ್ರನ್ನ ಕೇಳಿದ್ರ ಮ್ಯಾಲಿಂದ ಫೋನ್ ಬಂದಿತ್ತು ಅಂತಾರ. ಮ್ಯಾಲಂದ್ರ ಎಲ್ಲಿ? ನಿನ್ನ ಸಿನಿಮಾದಾಗಿನ ಗ್ರಹದಾಗೇನು?" ಅಂತ ಕಾಕಾ ನಕ್ಕರು. ಒಮ್ಮೊಮ್ಮೆ ನಿಯಮ ಮುರಿಯೋದೂ ಬೇಕಾಗುತ್ತೆ ಅಂತ ಅವರೇ ಒಪ್ತಾರೆ. ಒಂದು ಊರಿಗೆ ಕುಡಿಯೋ ನೀರಿಲ್ಲ ಅಂದಾಗ ಸರದಿ ನೋಡ್ತಾ ಕೂರೋಕಾಗಲ್ಲ. "ಬಿಡ್ಲಿ, ಬ್ಯಾಡ ಅಂದಾವ್ರ್ಯಾರು? ನಾನೇ ಬಿಟ್ಟೀನಿ ಅಂತ ಬಂದು ಹೇಳ್ಲಿ. ಬೈತೀನಿ, ಮನೀಗ್ ಕರದು ಚಾನೂ ಕೊಡ್ತೀನಿ."

ಇವುಗಳಲ್ಲಿ ಮನೆಮಂದಿ ಜೊತೆ ಯಾವುದು ನೋಡಬಹುದು ಅಂತ ಕೇಳೋರಿಗೆ: ಮಕ್ಕಳಿದ್ದರೆ ಸ್ಟಾರ್ ಟ್ರೆಕ್ ನಾಲ್ಕನೇ ಸಿನಿಮಾ. ಮೂರನೆಯದು ನೋಡದಿದ್ದರೂ ನಡೆಯುತ್ತೆ, ಮೇಲೆ ಕತೆ ಹೇಳಿದ್ದೀನಲ್ಲ. 'ದಿ ಮಾರ್ಷಿಯನ್' ಕಾಲೇಜು ಓದೋ ಮಕ್ಕಳಿಗೆ ಬಹಳ ಹಿಡಿಸುತ್ತೆ. '2010' ನಿಧಾನ, ಆದರೆ ಕೊನೆಯ ಅರ್ಧ ಗಂಟೆಗಾಗಿ ಕೂರಬಹುದು. ಸಿಸ್ಕೊನ ಕಂತನ್ನು ಮಾತ್ರ ಮಕ್ಕಳು ಮಲಗಿದ ಮೇಲೆ ದೊಡ್ಡವರೇ ನೋಡಿ, ಮರುದಿನ ರಜೆ ಇರೋ ಹಾಗೆ ನೋಡ್ಕೊಳ್ಳಿ, ಜಗಳ ತಡರಾತ್ರಿತನಕ ಹೋಗುತ್ತೆ. ದೇವದುರ್ಗದ ಅತ್ತೆಯ ಮೊಮ್ಮಗನಿಗೆ ಕರ್ಕ್‌ನ ಸಿನಿಮಾ ತೋರಿಸಿದ್ದೆ. ವಿಚಾರಣೆಯ ದೃಶ್ಯ ಬಂದಾಗ ಅವನು ಎದ್ದು ಹೋಗಿಬಿಟ್ಟಿದ್ದ. ಅವನಿಗೆ ಬೇಕಾಗಿದ್ದು ಒಂದೇ: ಆ ತಿಮಿಂಗಿಲಗಳು ನಮ್ಮ ಕೃಷ್ಣಾ ಹೊಳೆಯಲ್ಲಿ ಹಿಡಿಸ್ತಾವಾ, ಇಲ್ಲವಾ?